ಗಿಟಾರಿಗೆ ಒದಗಿದ ತತ್ವಪದ: ಷರೀಫರ ಒಂದು ಹಾಡಿನ ರಚನೆ ಮತ್ತು ಸ್ವೀಕಾರ

1

ತತ್ವಪದಗಳನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಪಠ್ಯಕೇಂದ್ರಿತವಾಗಿವೆ. ಪದ ಯಾರದು, ಅಂಕಿತ ಯಾವುದು, ಪಾಠಾಂತರಗಳೆಷ್ಟು, ಹಿನ್ನೆಲೆಯಲ್ಲಿರುವ ದರ್ಶನ ಶೈವವೋ ಸೂಫಿಯೋ ಆರೂಢವೋ ಎಂಬ ಪ್ರಶ್ನೆಗಳ ಸುತ್ತ ಸಾಕಷ್ಟು ಚರ್ಚೆ ನಡೆದಿದೆ. ಆದರೆ ತತ್ವಪದವು ಓದುವವರಿಗಿಂತ ಹೆಚ್ಚಾಗಿ ಹಾಡುವವರ ಮತ್ತು ಕೇಳುವವರ ಮೂಲಕ ಬದುಕಿ ಬಂದಿರುವ ಪ್ರಕಾರ. ಅದು ಹೊಸ ವಾದ್ಯವನ್ನು, ಹೊಸ ವೇದಿಕೆಯನ್ನು, ಹೊಸ ಶ್ರೋತೃವರ್ಗವನ್ನು ಎದುರುಗೊಂಡಾಗ ಅದರ ಅರ್ಥಕ್ಕೆ ಏನಾಗುತ್ತದೆ ಎಂಬುದು ಸಾಹಿತ್ಯ ವಿಮರ್ಶೆಯ ಪ್ರಶ್ನೆಯೂ ಹೌದು. ಇದನ್ನು ಸಂಗೀತ ವಿಮರ್ಶಕರಿಗೆ ಬಿಟ್ಟುಕೊಟ್ಟು ನಾವು ಸುಮ್ಮನಿರುವುದು ಸರಿಯಲ್ಲ.

ಪ್ರಸ್ತುತ ಲೇಖನದಲ್ಲಿ ನಾವು ಪರಿಶೀಲಿಸುವುದು ಒಂದು ಹಾಡನ್ನು. ಶಿಶುನಾಳ ಷರೀಫರ (1819-1889) 'ಗುಡುಗುಡಿಯಾ ಸೇದಿ ನೋಡೋ' ಎಂಬ ಪದವನ್ನು ಮೈಸೂರಿನ ಗಾಯಕ ರಘು ದೀಕ್ಷಿತ್ ಗಿಟಾರ್ ಹಿಡಿದು ಹಾಡಿದರು. 2008ರಲ್ಲಿ ಹೊರಬಂದ ಅವರ ಮೊದಲ ಆಲ್ಬಂನಲ್ಲಿ ಅದು ಸೇರಿತು. ಅಲ್ಲಿಂದಾಚೆಗೆ ಆ ಹಾಡು ಆಲ್ಬಂನಿಂದ ಬಿಡಿಯಾಗಿ ನಿಂತು, ಕನ್ನಡ ಬಲ್ಲವರ ಮತ್ತು ಬಾರದವರ ನಡುವೆ ಸಮಾನವಾಗಿ ಸಂಚರಿಸಿದೆ. ಇದನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳು ಚಾಲ್ತಿಯಲ್ಲಿವೆ. ಷರೀಫರನ್ನು ಹೊಸ ತಲೆಮಾರಿಗೆ ಉಳಿಸಿಕೊಟ್ಟಿತು ಎಂಬುದು ಒಂದು. ಅನುಭಾವವನ್ನು ಕುಣಿತದ ಸರಕಾಗಿಸಿತು ಎಂಬುದು ಇನ್ನೊಂದು. ಎರಡೂ ಅವಸರದ ತೀರ್ಪುಗಳೆಂದು ನಮಗೆ ತೋರುತ್ತದೆ. ಈ ಹಾಡಿನ ರಚನೆಯಲ್ಲಿ ಷರೀಫರಿಗೆ ಅಪಚಾರವಾಗಿಲ್ಲ. ಅರ್ಥ ಒಡೆದಿರುವುದು ಸ್ವೀಕಾರದ ಹಂತದಲ್ಲಿ. ಅದಕ್ಕೆ ಕಾರಣ ಗಿಟಾರ್ ಅಲ್ಲ, ಈ ಪದದ ಪಲ್ಲವಿಗೂ ಚರಣಗಳಿಗೂ ಇರುವ ವಿಶಿಷ್ಟ ಸಂಬಂಧ. ಇದು ನಮ್ಮ ವಾದ.

ಈ ಪರಿಶೀಲನೆಗೆ ನಾವು ಚೆನ್ನೈನ ಗಿಂಡಿಯನ್ನು ನೆಲೆಯಾಗಿ ಇಟ್ಟುಕೊಂಡಿದ್ದೇವೆ. 1794ರ ಭೂಮಾಪನ ಶಾಲೆಯಲ್ಲಿ ಮೂಲವನ್ನುಳ್ಳ ಎಂಜಿನಿಯರಿಂಗ್ ಕಾಲೇಜು ಇಲ್ಲಿದೆ. ಗಿಂಡಿಯ ಕಾಡಿಗೆ ಹೊಂದಿಕೊಂಡೇ 1959ರಲ್ಲಿ ಸ್ಥಾಪನೆಯಾದ ಐಐಟಿ ಇದೆ. ಹಲವು ಭಾಷೆಗಳ ತರುಣರು ಒಂದೇ ವಸತಿಗೃಹದಲ್ಲಿ ಬದುಕುವ ಇಂಥ ಪರಿಸರದಲ್ಲಿ ಹಾಡು ಭಾಷೆಯ ಗಡಿಯನ್ನು ದಾಟುವುದು ಸಹಜ. ಆದರೆ ದಾಟುವುದು ಏನು? 'ಗಿಂಡಿ' ಎಂಬ ಶಬ್ದವನ್ನೇ ನೋಡಬಹುದು. ಇಲ್ಲಿಯವರಿಗೆ ಅದು ಒಂದು ಬಡಾವಣೆಯ ಹೆಸರು. ಕನ್ನಡಿಗನ ಕಿವಿಗೆ ಮೂತಿಯುಳ್ಳ ನೀರಿನ ಪಾತ್ರೆ. ನಾದ ಒಂದೇ ಆಗಿದ್ದು ಅರ್ಥ ಬೇರೆಯಾಗುವ ಈ ಸ್ಥಿತಿಯೇ ನಮ್ಮ ಹಾಡಿನ ಸ್ಥಿತಿಯೂ ಆಗಿದೆ.

2

ಕನ್ನಡ ಪದಕ್ಕೆ ಗಿಟಾರ್ ಪರಕೀಯವೆಂಬ ಆಕ್ಷೇಪವನ್ನು ಮೊದಲು ಎದುರಿಸಬೇಕು. ಚಾರಿತ್ರಿಕವಾಗಿ ಇದು ನಿಲ್ಲುವ ಮಾತಲ್ಲ. ಕನ್ನಡ ಚಲನಚಿತ್ರಗೀತೆಗಳು ದಶಕಗಳ ಕಾಲ ಧ್ವನಿಮುದ್ರಣಗೊಂಡದ್ದು ಬಹುಪಾಲು ಮದರಾಸಿನಲ್ಲಿ, ಗಿಂಡಿಗೆ ಉತ್ತರದ ಕೋಡಂಬಾಕಂ, ವಡಪಳನಿ ಪರಿಸರದ ಸ್ಟುಡಿಯೋಗಳಲ್ಲಿ. 'ಕಸ್ತೂರಿ ನಿವಾಸ' (1971), 'ಬಂಗಾರದ ಮನುಷ್ಯ' (1972) ಚಿತ್ರಗಳಿಗೆ ಸಂಗೀತ ನೀಡಿದ ಜಿ.ಕೆ. ವೆಂಕಟೇಶ್ ಅವರ ಬಳಿ ಗಿಟಾರ್ ವಾದಕರಾಗಿಯೂ ಸಹಾಯಕರಾಗಿಯೂ ದುಡಿದವರು ಇಳಯರಾಜ. ಮುಂದೆ ಮಣಿರತ್ನಂ ಅವರ ಮೊದಲ ಚಿತ್ರವಾದ ಕನ್ನಡದ 'ಪಲ್ಲವಿ ಅನುಪಲ್ಲವಿ'ಗೆ (1983) ಇಳಯರಾಜರೇ ಸಂಗೀತ ಒದಗಿಸಿದರು. ಆರ್.ಎನ್. ಜಯಗೋಪಾಲ್ ಬರೆದ 'ನಗುವಾ ನಯನಾ' ಗೀತೆಯಲ್ಲಿ ಗಿಟಾರಿನ ತಂತಿಯ ನಾದವೇ ಹಾಡಿನ ಚಹರೆಯಾಗಿಬಿಟ್ಟಿದೆ. ಅದನ್ನು ಕೇಳಿ ಬೆಳೆದ ಕನ್ನಡಿಗರು ಗಿಟಾರನ್ನು ಅನ್ಯವೆಂದು ಭಾವಿಸಿಲ್ಲ.

ಚಲನಚಿತ್ರೇತರ ಗಾಯನದ ದಾರಿ ಬೇರೆ. ಮೈಸೂರು ಅನಂತಸ್ವಾಮಿ ಸಂಗೀತ ಸಂಯೋಜಿಸಿದ, ನಿಸಾರ್ ಅಹಮದ್ ಅವರ ಕವಿತೆಗಳ 'ನಿತ್ಯೋತ್ಸವ' (1978) ಧ್ವನಿಸುರುಳಿಯಿಂದ ಸುಗಮ ಸಂಗೀತ ಮನೆಮನೆಯನ್ನು ಹೊಕ್ಕಿತು. ಹಾರ್ಮೋನಿಯಂ, ತಬಲಗಳ ಆಧಾರ, ಸ್ಪಷ್ಟವಾದ ಪದೋಚ್ಚಾರ, ಕವಿತೆಯ ಭಾವಕ್ಕೆ ಅಧೀನವಾದ ರಾಗ ಇವು ಅದರ ಲಕ್ಷಣಗಳಾದವು. ಷರೀಫರ ಪದಗಳು ಶಿಶುನಾಳದ ಆಸುಪಾಸಿನ ಭಜನಾ ಮೇಳಗಳಿಂದ ಇಡೀ ಕರ್ನಾಟಕಕ್ಕೆ ಹರಡುವಲ್ಲಿ ಈ ಪರಂಪರೆಯ ಪಾತ್ರ ದೊಡ್ಡದು. ಸಿ. ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣ ಅವರ ಕಂಠಗಳು, ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಷರೀಫ' (1990) ಚಿತ್ರ, ಅದಕ್ಕೆ ಅಶ್ವತ್ಥ್ ನೀಡಿದ ಸಂಗೀತ ಇವೆಲ್ಲ ಸೇರಿ ಷರೀಫರಿಗೆ ಒಂದು ನಿಶ್ಚಿತ ಧ್ವನಿಯನ್ನು ಕೊಟ್ಟವು. ಹೀಗಾಗಿ ಗಿಟಾರಿನ ಆವೃತ್ತಿಯನ್ನು 'ಮೂಲ'ದೊಡನೆ ಹೋಲಿಸುವವರು ವಸ್ತುತಃ ಹೋಲಿಸುತ್ತಿರುವುದು ಧ್ವನಿಸುರುಳಿಯೊಡನೆ, ಭಜನೆಯೊಡನೆ ಅಲ್ಲ. ಅಶ್ವತ್ಥ್ ಅವರ ಸಂಯೋಜನೆಯೂ ಒಂದು ಕಾಲದ ಹೊಸತೇ ಆಗಿತ್ತೆಂಬುದನ್ನು ಇಲ್ಲಿ ಮರೆಯಲಾಗದು.

3

ಇನ್ನು ಪದದ ಆಂತರಿಕ ರಚನೆಯನ್ನು ಗಮನಿಸಬಹುದು. ಗುಡುಗುಡಿ ಎಂದರೆ ಹುಕ್ಕಾ. ಕೆಳಗೆ ನೀರು ತುಂಬಿದ ಬುರುಡೆ, ಅದಕ್ಕೆ ಜೋಡಿಸಿದ ಕೊಳವೆ, ಮೇಲೆ ಸೊಪ್ಪನ್ನೂ ಕೆಂಡವನ್ನೂ ಹೊತ್ತ ಚಿಲುಮೆ. ಸೇದುವಾಗ ಹೊಗೆ ನೀರಿನೊಳಗಿಂದ ಹಾದುಬರುವ ಸದ್ದೇ ಆ ವಸ್ತುವಿಗೆ ಹೆಸರಾಗಿದೆ. ಷರೀಫರು ಈ ಸಾಮಾನ್ಯ ವಸ್ತುವಿನ ಒಂದೊಂದು ಅಂಗಕ್ಕೂ ಒಂದೊಂದು ತತ್ತ್ವವನ್ನು ಹೊಂದಿಸುತ್ತಾರೆ. ಮನಸ್ಸು ಸಂಚಿಯಾಗುತ್ತದೆ, ಬುದ್ಧಿ ಬೆಂಕಿಯಾಗುತ್ತದೆ, ಶರೀರ ಬುರುಡೆಯಾಗುತ್ತದೆ. ದಿನನಿತ್ಯದ ಮೋಜು ಕೊಚ್ಚಿ ಸುಡಬೇಕಾದ ಭಂಗಿಸೊಪ್ಪಾಗುತ್ತದೆ. ಅಂದರೆ ಇಲ್ಲಿ ಸುಟ್ಟುಹೋಗುವುದು ಅಮಲನ್ನು ಬಯಸುವ ಮನಸ್ಸಿನ ಚಪಲವೇ ಹೊರತು ಬೇರೆ ಏನೂ ಅಲ್ಲ. ಅಮಲಿನ ಪರಿಕರವನ್ನು ಎತ್ತಿಕೊಂಡು ಅಮಲಿನ ಮೂಲವನ್ನೇ ಸುಡುವುದು ಈ ಪದದ ಹೂಟ. ವಚನಕಾರರ ಬೆಡಗಿನಿಂದ ಹರಿದುಬಂದ ಈ ರೀತಿಯನ್ನು ಷರೀಫರು ಊರ ಕಟ್ಟೆಯ ಮೇಲೆ ಕುಳಿತವರ ಕೈಯಲ್ಲಿದ್ದ ಗುಡುಗುಡಿಗೆ ಇಳಿಸಿದರು.

ಪಲ್ಲವಿ ಮತ್ತು ಚರಣಗಳ ನಡುವಣ ಕಾರ್ಯವಿಭಜನೆ ಇಲ್ಲಿ ಮುಖ್ಯ. ಪಲ್ಲವಿ ಒಂದು ಆಹ್ವಾನ: ಸೇದಿ ನೋಡು ಎಂಬುದು. ಚರಣಗಳು ಆ ಆಹ್ವಾನದ ಷರತ್ತುಗಳು: ಸೇದಬೇಕಾದುದು ಏನನ್ನು, ಉರಿಯಬೇಕಾದುದು ಯಾವುದು ಎಂಬುದನ್ನು ಅವು ತಿಳಿಸುತ್ತವೆ. ಪಲ್ಲವಿಯ ಅರ್ಥ ಪಲ್ಲವಿಯಲ್ಲಿ ಇಲ್ಲ; ಪ್ರತಿ ಚರಣದ ನಂತರ ಮರಳಿ ಬರುವಾಗ ಅದು ಅಷ್ಟಷ್ಟಾಗಿ ಬದಲಾಗುತ್ತ ಹೋಗುತ್ತದೆ. ಮೊದಲ ಬಾರಿ ಕೇಳುವಾಗ ತುಂಟ ಕರೆಯಂತೆ ತೋರುವುದು ಕೊನೆಯ ಬಾರಿ ಗುರುವಿನ ಆಜ್ಞೆಯಂತೆ ಕೇಳಬೇಕು. ಭಜನಾ ಪದ್ಧತಿ ಈ ಬದಲಾವಣೆಗೆ ಬೇಕಾದ ಅವಕಾಶವನ್ನು ಒದಗಿಸುತ್ತದೆ. ಮುಂದಾಳು ಹಾಡಿದ ಸಾಲನ್ನು ಮೇಳವು ಹಿಂದಿರುಗಿಸುವಾಗ ಕೇಳುಗನಿಗೆ ಆ ಸಾಲನ್ನು ಮನಸ್ಸಿಗೆ ಇಳಿಸಿಕೊಳ್ಳುವ ಸಮಯ ಸಿಗುತ್ತದೆ.

4

ರಘು ದೀಕ್ಷಿತ್ ಅವರ ಸಿದ್ಧತೆ ಸುಗಮ ಸಂಗೀತದ್ದಲ್ಲ. ಸೂಕ್ಷ್ಮಜೀವಿ ವಿಜ್ಞಾನದ ಸ್ನಾತಕೋತ್ತರ ಪದವೀಧರರಾದ ಅವರು ಭರತನಾಟ್ಯವನ್ನು ಅಭ್ಯಾಸ ಮಾಡಿದವರು. ಗಿಟಾರನ್ನು ಸ್ವಪ್ರಯತ್ನದಿಂದ ಕಲಿತವರು. ಅವರ ಮೊದಲ ಆಲ್ಬಂ ಹೊರಬಂದದ್ದು ಹಿಂದಿ ಚಲನಚಿತ್ರ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್ ಜೋಡಿಯ ಸಂಸ್ಥೆಯಿಂದ. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಷರೀಫರ ಎರಡು ಪದಗಳು ಅಲ್ಲಿ ಸ್ಥಾನ ಪಡೆದವು. 2010ರಲ್ಲಿ ಅವರ ತಂಡ ಬ್ರಿಟನ್ನಿನ ಬಿಬಿಸಿ ವಾಹಿನಿಯಲ್ಲಿ ಜೂಲ್ಸ್ ಹಾಲೆಂಡ್ ನಡೆಸುವ ಪ್ರಸಿದ್ಧ ಸಂಗೀತ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿತು. 2011ರಲ್ಲಿ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸಬರ ಪ್ರಶಸ್ತಿ ಬಂದಿತು. ಪಂಚೆಯುಟ್ಟು ಕಾಲಿಗೆ ಗೆಜ್ಜೆ ಕಟ್ಟಿ ಗಿಟಾರ್ ನುಡಿಸುವ ಗಾಯಕನ ರೂಪ ವೇದಿಕೆಯ ಮೇಲೆ ಒಂದು ಸಂಕೇತವೇ ಆಯಿತು.

ಈ ಹಾಡಿನ ಸಂಯೋಜನೆಯಲ್ಲಿ ಗಿಟಾರಿನ ಚುರುಕಾದ ಮೀಟು ಆಧಾರವಾಗಿದೆ. ಪಿಟೀಲು ಅದರ ಮೇಲೆ ಹರಿದಾಡುತ್ತದೆ. ಗಾಯಕರು ಚರಣಗಳನ್ನು ಕೈಬಿಟ್ಟಿಲ್ಲ, ಪದಗಳನ್ನು ನುಂಗಿಲ್ಲ, ಪೂರ್ಣಕಂಠದಿಂದ ಹಾಡಿದ್ದಾರೆ. ಪಠ್ಯನಿಷ್ಠೆಯ ದೃಷ್ಟಿಯಿಂದ ಆಕ್ಷೇಪಕ್ಕೆ ಆಸ್ಪದ ಕಡಿಮೆ. ಆದರೆ ಮೇಳವು ಸಾಲನ್ನು ಹಿಂದಿರುಗಿಸುವ ಜಾಗದಲ್ಲಿ ಈಗ ವಾದ್ಯಗಳಿವೆ. ವೇದಿಕೆಯ ಪ್ರದರ್ಶನದಲ್ಲಿ ಸಭಿಕರ ಚಪ್ಪಾಳೆ ಮತ್ತು ಕೂಗು ಇವೆ. ಸಭಿಕರು ದನಿಗೂಡಿಸುವುದು ಪಲ್ಲವಿಗೆ ಮಾತ್ರ. 'ಗುಡುಗುಡಿ' ಎಂಬ ಅನುಕರಣ ಶಬ್ದ ಯಾವ ಭಾಷಿಕನ ನಾಲಿಗೆಗೂ ಸುಲಭವಾಗಿ ಒಗ್ಗುವಂಥದು. ಹೀಗೆ ಪದದ ಅತ್ಯಂತ ಕಡಿಮೆ ಅರ್ಥಭಾರವುಳ್ಳ ಭಾಗ ಅತ್ಯಂತ ದೂರ ಪ್ರಯಾಣ ಮಾಡುತ್ತದೆ. ಅರ್ಥವನ್ನು ಹೊತ್ತ ಭಾಗ ಹಿಂದೆ ಉಳಿಯುತ್ತದೆ.

ಪರಿಣಾಮವಾಗಿ ಅರ್ಥ ಕಡಿಮೆಯಾಗುವುದಷ್ಟೇ ಅಲ್ಲ, ತಿರುವುಮುರುವಾಗುತ್ತದೆ. ಷರತ್ತುಗಳನ್ನು ಕಳಚಿದ ಆಹ್ವಾನ ಬರಿಯ ಸೇದುವ ಕರೆಯಾಗಿ ಉಳಿಯುತ್ತದೆ. ಮೋಜನ್ನು ಸುಡಬೇಕೆನ್ನುವ ಪದವನ್ನು ಮೋಜಿನ ಪದವಾಗಿ ಕೇಳಲು ಸಾಧ್ಯವಾಗುತ್ತದೆ.

ಈ ಅಂತರ ಕನ್ನಡಿಗ ಮತ್ತು ಅನ್ಯಭಾಷಿಕನ ನಡುವಣದು ಮಾತ್ರವೆಂದು ತಿಳಿದರೆ ತಪ್ಪಾದೀತು. ಹಳೆಯ ಮೈಸೂರು ಸೀಮೆಯ ಇಂದಿನ ತರುಣನಿಗೆ 'ಚಿಲುಮೆ' ಎಂದರೆ ನೀರಿನ ಬುಗ್ಗೆ. ಷರೀಫರ ಪದದಲ್ಲಿ ಅದು ಕೆಂಡದ ಕುಡಿಕೆ. 'ಭಂಗಿ' ಎಂದರೆ ಅವನಿಗೆ ಮೈಯ ನಿಲುವು. ಅಲ್ಲಿ ಅದು ಅಮಲಿನ ಸೊಪ್ಪು. ಗಿಂಡಿಯ ವಸತಿಗೃಹವೊಂದರಲ್ಲಿ ತಮಿಳು ಗೆಳೆಯನೊಬ್ಬ ಈ ಹಾಡಿನ ಅರ್ಥವೇನೆಂದು ಕೇಳಿದನೆಂದು ಭಾವಿಸೋಣ. ಉತ್ತರಿಸಬೇಕಾದ ಕನ್ನಡದ ವಿದ್ಯಾರ್ಥಿ, ಹುಕ್ಕಾ ಸೇದುವುದನ್ನು ಕುರಿತ ಹಾಡು ಎಂದಷ್ಟೇ ಹೇಳಿದರೆ ಆ ಹೊತ್ತಿಗೆ ಷರೀಫರು ಅವನಿಗೂ ಇಲ್ಲ, ಕೇಳಿದವನಿಗೂ ಇಲ್ಲ. ಹಾಡು ಉಳಿದಿದೆ ಎಂದು ನಾವು ಸಮಾಧಾನಪಡುತ್ತಿರುವಾಗಲೇ ಅದು ಎರಡನೆಯ ಬಾರಿ ಕಳೆದುಹೋಗುತ್ತದೆ.

5

ಹಾಗಾದರೆ ಗಿಟಾರ್, ಬ್ಯಾಂಡು, ವೇದಿಕೆ ಇವೇ ಇದಕ್ಕೆ ಹೊಣೆಯೇ? ಅದೇ ಗಾಯಕರು ಅದೇ ಆಲ್ಬಂನಲ್ಲಿ ಹಾಡಿರುವ 'ಸೋರುತಿಹುದು ಮನೆಯ ಮಾಳಿಗಿ' ಇದಕ್ಕೆ ಉತ್ತರ ನೀಡುತ್ತದೆ. ಅಲ್ಲಿ ಪಲ್ಲವಿಯೇ ಪದದ ಕೇಂದ್ರ ಪ್ರತಿಮೆ. ಸೋರುವ ಮಾಳಿಗೆ ದೇಹವೋ, ಬಾಳೋ, ಅಜ್ಞಾನದಿಂದ ಹಾಳಾದ ಮನೆಯೋ ಎಂಬ ನಿರ್ಣಯ ಚರಣಗಳಿಗೆ ಸೇರಿದ್ದು. ಆದರೆ ಏನೋ ಕಳೆದುಹೋಗುತ್ತಿದೆ, ಕೈಮೀರುತ್ತಿದೆ ಎಂಬ ಭಾವ ಪಲ್ಲವಿಯೊಂದರಿಂದಲೇ ಕೇಳುಗನನ್ನು ತಲುಪುತ್ತದೆ. ಚರಣಗಳನ್ನು ತಿಳಿಯದವನು ಅಲ್ಲಿ ಅರ್ಥದ ಒಂದು ಪಾಲನ್ನು ಕಳೆದುಕೊಳ್ಳುತ್ತಾನೆಯೇ ವಿನಾ ವಿರುದ್ಧಾರ್ಥಕ್ಕೆ ಹೋಗುವುದಿಲ್ಲ. ಗಾಯಕರು ಒಬ್ಬರೇ, ವಾದ್ಯವೂ ಒಂದೇ. ಆದರೂ ಫಲ ಬೇರೆ. ಆದ್ದರಿಂದ ತತ್ವಪದದ ಹೊಸ ಆವೃತ್ತಿಯನ್ನು ಬೆಲೆಕಟ್ಟುವಾಗ ಕೇಳಬೇಕಾದ ಪ್ರಶ್ನೆ, ವಾದ್ಯ ಯಾವುದು ಎಂಬುದಲ್ಲ. ಪದದ ಅರ್ಥ ಪಲ್ಲವಿಯಲ್ಲಿದೆಯೋ ಚರಣಗಳಲ್ಲಿದೆಯೋ, ಸಂಯೋಜನೆ ಆ ಜಾಗಕ್ಕೆ ಕೇಳುಗನ ಗಮನವನ್ನು ಒಯ್ಯುತ್ತದೆಯೋ ಇಲ್ಲವೋ ಎಂಬುದು.

ಚೆನ್ನೈನದೇ ಆದ ಇನ್ನೊಂದು ನಿದರ್ಶನ ಇಲ್ಲಿ ಉಪಯುಕ್ತ. 2011ರ ನವೆಂಬರಿನಲ್ಲಿ '3' ಚಿತ್ರಕ್ಕಾಗಿ ಧನುಷ್ ಬರೆದು ಹಾಡಿದ, ಅನಿರುದ್ಧ್ ಸಂಗೀತದ 'ಕೊಲವೆರಿ' ಗೀತೆ ಬಿಡಿ ಹಾಡಾಗಿ ಹೊರಬಂದು ದೇಶದ ಉದ್ದಗಲಕ್ಕೂ ಹಬ್ಬಿತು. ತಮಿಳು-ಇಂಗ್ಲಿಷ್ ಬೆರೆಸಿದ ಅದರ ಮಾತುಗಳು ಅರೆಬರೆ ತಿಳಿದರೆ ಸಾಕು. ಹಾಡು ಕಟ್ಟಿರುವುದೇ ಹಾಗೆ. ಅಲ್ಲಿ ಕಳೆದುಹೋಗುವಂಥದು ಹೆಚ್ಚೇನೂ ಇಲ್ಲ. ತತ್ವಪದವನ್ನು ಅದೇ ಬಗೆಯಲ್ಲಿ ಕೇಳುವ ಅಭ್ಯಾಸ ಬೆಳೆದಾಗ ಮಾತ್ರ ತೊಂದರೆ ಎದುರಾಗುತ್ತದೆ. ಎರಡಕ್ಕೂ ಒಂದೇ ಕಿವಿ ಸಾಲದು.

ಇಷ್ಟನ್ನು ಹೇಳಿ ಗಾಯಕರ ಮೇಲೆ ಭಾರ ಹೊರಿಸಿ ಕೈತೊಳೆದುಕೊಳ್ಳುವುದು ವಿದ್ವತ್ತಿನ ಕ್ಷೇತ್ರಕ್ಕೆ ಶೋಭಿಸದು. ಕೇಳುಗರನ್ನು ಷರೀಫರ ಬಾಗಿಲವರೆಗೆ ಕರೆತಂದವರು ಗಾಯಕರು. ಬಾಗಿಲನ್ನು ತೆರೆಯುವ ಕೆಲಸ ನಮ್ಮದು. ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರ ತತ್ವಪದಗಳ ಸಂಪುಟಗಳನ್ನು ಪ್ರಕಟಿಸಿ ಪಠ್ಯದ ಅಡಿಪಾಯವನ್ನು ಹಾಕಿದೆ. ಅದರ ಮೇಲೆ ಆಗಬೇಕಾದದ್ದು ಹಾಡಿಕೆಯ ಅಧ್ಯಯನ. ಭಜನಾ ಮೇಳ, ಧ್ವನಿಸುರುಳಿ, ಬ್ಯಾಂಡು ಈ ಮೂರೂ ನೆಲೆಗಳಲ್ಲಿ ಲಭ್ಯವಿರುವ ಒಂದೊಂದು ಪದದ ಹಾಡಿಕೆಗಳನ್ನು ಕ್ರಮವಾಗಿ ದಾಖಲಿಸಬೇಕು. ಯಾವ ಚರಣ ಉಳಿಯಿತು, ಯಾವುದು ಬಿಟ್ಟುಹೋಯಿತು, ಯಾವ ಶಬ್ದ ಬದಲಾಯಿತು ಎಂಬುದನ್ನು ಗುರುತಿಸಬೇಕು. ಉತ್ತರ ಕರ್ನಾಟಕದ ಬಳಕೆಯ ಮಾತುಗಳಿಗೆ ಸರಳ ಅರ್ಥಕೋಶ ಬೇಕು. ಕರ್ನಾಟಕದ ಹೊರಗಿನ ಕನ್ನಡ ವಿಭಾಗಗಳು ಮತ್ತು ಪೀಠಗಳು ಆಯಾ ಪ್ರದೇಶದ ಭಾಷೆಯಲ್ಲಿ ಈ ಪದಗಳಿಗೆ ವ್ಯಾಖ್ಯಾನ ಒದಗಿಸಬೇಕು. ಸಿದ್ಧರ ಪದಗಳ ದೀರ್ಘ ಪರಂಪರೆಯುಳ್ಳ ತಮಿಳಿನ ಓದುಗನಿಗೆ, ದೇಹವನ್ನು ಪಾತ್ರೆಯಾಗಿಸುವ ಷರೀಫರ ರೀತಿ ಅಪರಿಚಿತವೆನಿಸದು. ಮಾತು ತಲುಪಿದರೆ ಅವನು ಕನ್ನಡಿಗನಿಗಿಂತ ಬೇಗ ಅದರ ಒಳಹೊಗಬಲ್ಲನು.

ಶಿಶುನಾಳದ ಮುಸಲ್ಮಾನ ಶಿಷ್ಯನನ್ನು ಕಳಸದ ಗೋವಿಂದ ಭಟ್ಟರು ಒಪ್ಪಿಕೊಂಡಾಗ ಎರಡೂ ಕಡೆಯವರು ಮುನಿದರೆಂದು ಐತಿಹ್ಯ ಹೇಳುತ್ತದೆ. ಗಡಿ ದಾಟುವುದು ಷರೀಫರಿಗೆ ಹೊಸತಲ್ಲ. ಅವರ ಪದ ಗಿಟಾರಿನ ಮೇಲೆ ಏರಿ ಕನ್ನಡ ಬಾರದವರ ನಡುವೆ ನಡೆದಿದೆ ಎಂಬುದರಲ್ಲಿ ಆತಂಕಪಡುವಂಥದೇನೂ ಇಲ್ಲ. ಪಲ್ಲವಿ ತನ್ನ ದಾರಿಯನ್ನು ತಾನೇ ಕಂಡುಕೊಂಡಿದೆ. ಚರಣಗಳಿಗೆ ದಾರಿ ಮಾಡಿಕೊಡಬೇಕಾದ ಹೊಣೆ ಕನ್ನಡವನ್ನು ಓದಿ ಬಲ್ಲ ನಮ್ಮ ಮೇಲಿದೆ.