ಕಾಕಾನ ಟ್ಯಾಬ್ ಯಾಕೆ ಸುಮ್ಮನ ಕುಂತದ?

ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ವಾಡಿಗೆ ಇಳಿದು, ಇನ್ನೊಂದು ರೈಲು ಹಿಡಿದು ಚಿತ್ತಾಪುರ, ಮಳಖೇಡ ದಾಟಿ ಸೇಡಂ ಸೇರುವವರೆಗೂ ನನಗೆ ಬ್ಯಾಗಿನಲ್ಲಿದ್ದ ಟ್ಯಾಬ್ ಬಗ್ಗೆ ಸಿಕ್ಕಾಪಟ್ಟೆ ಹೆಮ್ಮೆ. ಕಾಕಾ ರಿಟೈರ್ಡ್ ಮಾಸ್ತರು. ಗ್ಲಾಕೋಮಾದಿಂದ ಕಣ್ಣು ಹೋಗಿ ಪೇಪರ್ ಓದೋದು ನಿಂತಿದೆ. ಟಾಕ್‌ಬ್ಯಾಕ್ ಇದೆಯಲ್ಲ, ಸಮಸ್ಯೆ ಮುಗೀತು ಅಂದುಕೊಂಡಿದ್ದೆ.

ಕಲಿಯೋದು ಕಷ್ಟವಾಗಲಿಲ್ಲ. ಎರಡೂ ವಾಲ್ಯೂಮ್ ಬಟನ್ ಒಟ್ಟಿಗೆ ಒತ್ತಿ ಹಿಡಿದರೆ ಅದು ಮಾತು ಶುರು ಮಾಡುತ್ತೆ. ಬಲಕ್ಕೆ ಸವರಿದರೆ ಮುಂದಿನದನ್ನು ಹೇಳುತ್ತೆ, ಎರಡು ಸಲ ತಟ್ಟಿದರೆ ತೆರೆಯುತ್ತೆ. ಎರಡೇ ದಿನಕ್ಕೆ ಕಾಕಾ ನನಗಿಂತ ಫಾಸ್ಟ್. ಕನ್ನಡದ ದನಿ ಯಂತ್ರದ ಹಾಗೆ ಕೇಳುತ್ತೆ ಅಂತ ಬಹಳ ಜನ ದೂರುತ್ತಾರೆ. ಕಾಕಾ ದೂರಲಿಲ್ಲ. ‘ನಮ್ ಇನ್‌ಸ್ಪೆಕ್ಟರ್ ಸಾಹೇಬ್ರು ಹಿಂಗೇ ಮಾತಾಡ್ತಿದ್ರು’ ಅಂದ್ರು, ಅಷ್ಟೇ.

ಮೂರನೇ ದಿನ ಕರೆದರು. ‘ತಮ್ಮಾ, ಇದು ಯಾಕ್ ಸುಮ್ಮನ ಕುಂತದ?’

ಶಹಾಬಾದಿನ ಹಳೇ ಸಹೋದ್ಯೋಗಿಯೊಬ್ಬರು ಪಿಂಚಣಿದಾರರ ಸಭೆಯ ಸುದ್ದಿ ಕಳಿಸಿದ್ದರು. ಹೂವಿನ ಬಾರ್ಡರ್ ಹಾಕಿದ ಚಂದದ ಪೋಸ್ಟರ್, ಒಳಗೆ ಅಚ್ಚ ಕನ್ನಡ. ಆದರೆ ಅದು ಅಕ್ಷರವಲ್ಲ, ಅಕ್ಷರದ ಫೋಟೋ. ಟ್ಯಾಬ್ ‘ಚಿತ್ರ’ ಅಂದು ಮುಂದೆ ಹೋಯಿತು. ಸಭೆ ಯಾವತ್ತು, ಎಷ್ಟು ಗಂಟೆಗೆ, ಒಂದೂ ಇಲ್ಲ. ಇನ್ನೊಂದು ಪಿಡಿಎಫ್ ಹಳೇ ನುಡಿ ಫಾಂಟಿನದು. ಆ ಫಾಂಟುಗಳಲ್ಲಿ ಕಣ್ಣಿಗೆ ‘ಕ’ ಕಂಡರೂ ಒಳಗೆ ಕೂತಿರೋದು ಇಂಗ್ಲಿಷಿನ ‘ಪಿ’ ಮತ್ತು ಅದರ ಪಕ್ಕದಲ್ಲೊಂದು ಚಿಹ್ನೆ. ನಮಗೆ ಕನ್ನಡ, ಕಾಕಾಗೆ ಕಲಸುಮೇಲೋಗರ. ಯೂನಿಕೋಡ್ ಬಂದು ಎಷ್ಟೋ ಕಾಲವಾಯಿತು, ನಮ್ಮ ಡಿಟಿಪಿ ಅಂಗಡಿಗಳಿಗೆ ಇನ್ನೂ ಪೂರ್ತಿ ಬಂದಿಲ್ಲ. ಕವಿರಾಜಮಾರ್ಗ ಹುಟ್ಟಿದ್ದು ಇದೇ ತಾಲ್ಲೂಕಿನ ಮಳಖೇಡದಲ್ಲಿ ಅಂತ ಭಾಷಣ ಬಿಗಿಯೋ ಕಾರ್ಯಕ್ರಮಗಳ ಆಮಂತ್ರಣವೂ ಹೀಗೇ ಬರುತ್ತೆ, ಬಿಡಿ.

ಈ ಎರಡನ್ನೂ ಅಭ್ಯಾಸದೋಷ ಅನ್ನಬಹುದು. ಆಪ್‌ಗಳದ್ದು ನಮ್ಮಂಥವರದೇ ತಪ್ಪು. ಪಿಂಚಣಿ ಜಮೆ ಆಗಿದೆಯಾ ನೋಡೋಕೆ ಕಾಕಾ ಒಂದು ಆಪ್ ತೆರೆದರು. ‘ಬಟನ್. ಬಟನ್. ಬಟನ್.’ ಐದು ಬಟನ್, ಐದಕ್ಕೂ ಹೆಸರಿಲ್ಲ. ಯಾವುದು ಬ್ಯಾಲೆನ್ಸ್, ಯಾವುದು ದುಡ್ಡು ಕಳಿಸೋದು? ಗೊತ್ತಿಲ್ಲದೆ ಎರಡು ಸಲ ತಟ್ಟೋ ಧೈರ್ಯ ನಿಮಗಿದೆಯಾ? ಆ ಹೆಸರು ಕೊಡೋದು ಒಂದು ಸಾಲಿನ ಕೋಡ್. ಮುಂದಿನ ಸ್ಪ್ರಿಂಟಿಗೆ ಅಂತ ನಾನೇ ಎಷ್ಟು ಸಲ ತಳ್ಳಿದ್ದೀನಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಇದರ ಬಗ್ಗೆಯೇ ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆ ಕೈಗೆಟುಕೋದು ಸಂವಿಧಾನದ 21ನೇ ವಿಧಿಯಲ್ಲಿರುವ ಬದುಕುವ ಹಕ್ಕಿನದೇ ಭಾಗ ಅಂದಿತು. ಕಣ್ಣು ಮಿಟುಕಿಸಿ ಅನ್ನುವ ಕೆವೈಸಿ ಮುಂದೆ ಕಣ್ಣಿಲ್ಲದವರು ಏನು ಮಾಡಬೇಕು ಅನ್ನೋದೇ ಅಲ್ಲಿಯ ಪ್ರಶ್ನೆಗಳಲ್ಲೊಂದು.

ಕಾಕಾ ಈಗ ಕೋರ್ಟಿಗೆ ಕಾಯುತ್ತಿಲ್ಲ. ಪೋಸ್ಟರ್ ಬಂದ ತಕ್ಷಣ ವಾಯ್ಸ್ ಮೆಸೇಜ್ ಹೋಗುತ್ತೆ: ‘ಚಿತ್ರ ಬ್ಯಾಡ್ರಿ, ಬರದು ಕಳಸ್ರಿ.’ ಶಹಾಬಾದಿನವರು ಬರೆದು ಕಳಿಸಲು ಶುರು ಮಾಡಿದ್ದಾರೆ. ಬ್ಯಾಲೆನ್ಸ್ ಕೇಳೋಕೆ ಮಾತ್ರ ತಿಂಗಳ ಮೊದಲ ವಾರ ನನಗೆ ಫೋನ್ ಬರುತ್ತೆ.