ನೂರು ರೂಪಾಯಿ ಲೆಕ್ಕದ ಸೋಗು

2024ರ ಫೆಬ್ರುವರಿ 7ರ ಜಂತರ್ ಮಂತರ್ ಧರಣಿ, ‘ನನ್ನ ತೆರಿಗೆ ನನ್ನ ಹಕ್ಕು’ ಎಂಬ ಘೋಷಣೆ, ಕೇಂದ್ರ ಕೊಟ್ಟದ್ದು ಖಾಲಿ ಚೊಂಬು ಎಂಬ ಏಪ್ರಿಲ್‌ನ ಜಾಹೀರಾತು: ಕಾಂಗ್ರೆಸ್ಸಿನ ಈ ಪ್ರಚಾರವನ್ನು ತೆರಿಗೆ ನ್ಯಾಯದ ದೊಡ್ಡ ದನಿಯೆಂದು ಹೊಗಳಿದವರಿಗೆ ಲೆಕ್ಕವಿಲ್ಲ. ದೂರಿನಲ್ಲಿ ಹುರುಳಿತ್ತು. 15ನೇ ಹಣಕಾಸು ಆಯೋಗ ರಾಜ್ಯಗಳಿಗೆ ಹಂಚುವ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲನ್ನು ಶೇ 4.713ರಿಂದ 3.647ಕ್ಕೆ ಇಳಿಸಿದ್ದು ನಿಜ. ಅಷ್ಟು ಒಪ್ಪಿಕೊಂಡೇ ಹೇಳುತ್ತೇನೆ, ಬೀದರ್ ಜಿಲ್ಲೆ ಬಸವಕಲ್ಯಾಣ ತಾಲ್ಲೂಕಿನ ಮಂಠಾಳದಲ್ಲಿ ಕೂತು ನೋಡಿದರೆ ಈ ಪ್ರಚಾರ ಟೊಳ್ಳು.

ಎಲ್ಲವೂ ನಿಂತದ್ದು ಒಂದೇ ಲೆಕ್ಕದ ಮೇಲೆ. ಕರ್ನಾಟಕ ನೂರು ರೂಪಾಯಿ ಕೊಟ್ಟರೆ ಮರಳುವುದು ಹನ್ನೆರಡೋ ಹದಿಮೂರೋ. ಆ ನೂರನ್ನು ಕೊಟ್ಟವರು ಯಾರು? ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಕಂಪನಿ ದೇಶದ ತುಂಬ ವ್ಯಾಪಾರ ಮಾಡಿ ಗಳಿಸಿದ ಲಾಭದ ತೆರಿಗೆಯೂ ನಮ್ಮ ಖಾತೆಗೇ ಬೀಳುತ್ತದೆ. ಮುಂಬೈ ಕಂಪನಿಯ ಸೋಪನ್ನು ಮಂಠಾಳದವರು ಕೊಂಡರೆ ಆ ಲಾಭದ ತೆರಿಗೆ ಮಹಾರಾಷ್ಟ್ರದ ಲೆಕ್ಕಕ್ಕೆ. ಇನ್ನು ಅದೇ ತರ್ಕವನ್ನು ರಾಜ್ಯದೊಳಕ್ಕೆ ತಿರುಗಿಸಿ. ಬೆಂಗಳೂರು ಕಟ್ಟಿದ್ದು ಬೆಂಗಳೂರಿಗೇ ಎಂದರೆ ಬೀದರಿಗೆ ಉಳಿಯುವುದೇನು? ಹಿಂದುಳಿದ ಪ್ರದೇಶವೆಂದು ಸಂವಿಧಾನದ 371 (ಜೆ) ವಿಧಿಯ ವಿಶೇಷ ಸ್ಥಾನ ಪಡೆದವರು ನಾವು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ಎಂದು ಬಜೆಟ್ಟಿನಲ್ಲಿ ಓದಿದಾಗ ಚಪ್ಪಾಳೆ ತಟ್ಟುವವರು ನಾವು. ನಾವೇ ಈ ಘೋಷಣೆ ಕೂಗುವುದೆಂದರೆ ಕೂತ ಕೊಂಬೆಗೆ ಕೊಡಲಿ ಹಾಕಿದಂತೆ. 371 (ಜೆ) ತಂದ ಕೀರ್ತಿ ಮಲ್ಲಿಕಾರ್ಜುನ ಖರ್ಗೆಯವರದು. ಘೋಷಣೆ ಮೊಳಗಿದಾಗ ಅವರೇ ಪಕ್ಷದ ಅಧ್ಯಕ್ಷರು! ಹಿಂದುಳಿದ ರಾಜ್ಯಗಳಿಗೆ ಕೊಡಬೇಡಿ ಎನ್ನುತ್ತಿಲ್ಲ ಎಂದು ಸಿದ್ದರಾಮಯ್ಯ ಸಮಜಾಯಿಷಿ ಕೊಟ್ಟರು. ಘೋಷಣೆಯಲ್ಲಿ ಆ ಮಾತಿಗೆ ಜಾಗ ಇರಲಿಲ್ಲ.

ಲೋಕಸಭೆ ಫಲಿತಾಂಶ ಬಂದದ್ದು ಜೂನ್ 4ಕ್ಕೆ. ಬೀದರಿನಲ್ಲಿ ಕಾಂಗ್ರೆಸ್ಸೇ ಗೆದ್ದಿತು. ಜೂನ್ 15ಕ್ಕೆ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿತು, ಲೀಟರಿಗೆ ಸುಮಾರು ಮೂರು ರೂಪಾಯಿ. ಡೀಸೆಲ್‌ಗೂ ಸುಮಾರು ಅಷ್ಟೇ. ಬಸವಕಲ್ಯಾಣಕ್ಕೆ ದಿನಾ ಬೈಕಿನಲ್ಲಿ ಹೋಗಿ ಬರುವ ಗುಮಾಸ್ತನೂ ಟ್ರ್ಯಾಕ್ಟರ್ ಬಾಡಿಗೆ ಕೊಡುವ ರೈತನೂ ಕಟ್ಟಿದ ಈ ತೆರಿಗೆ ದೆಹಲಿಗೆ ಹೋಗುವುದೇ ಇಲ್ಲ.

ಬಿಜೆಪಿಯ ಕಡೆಯದು ಬೇಗ ಮುಗಿಯುವ ಮಾತು. 2025ರ ಫೆಬ್ರುವರಿ 1ರ ಕೇಂದ್ರ ಬಜೆಟ್ಟಿನಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಎಂದರು. ಹೈಸ್ಕೂಲ್ ಮೇಷ್ಟ್ರಿಗೆ ಅನುಕೂಲವಾಯಿತು, ಸಂತೋಷ. ಮಂಠಾಳದಲ್ಲಿ ಸಂಬಳದವರು ಎಷ್ಟು ಮಂದಿ ಎಂದು ಕೇಳಬಾರದು.

ನನ್ನ ನಿಜವಾದ ತಕರಾರು ಅಂಕಣಕಾರರ ಜೊತೆ. ‘ಮಧ್ಯಮ ವರ್ಗ ತೆರಿಗೆ ಕಟ್ಟಬೇಕು, ಬಿಟ್ಟಿ ಭಾಗ್ಯದವರು ಉಣ್ಣಬೇಕು’ ಎಂಬುದು ಅವರ ಪಲ್ಲವಿ. ತೆರಿಗೆ ಕಟ್ಟುವವರೆಂದರೆ ಫಾರ್ಮ್ 16 ಇರುವವರು ಮಾತ್ರ ಎಂದು ಇವರಿಗೆ ಹೇಳಿಕೊಟ್ಟವರು ಯಾರೋ! ಸಕ್ಕರೆ ಪೊಟ್ಟಣಕ್ಕೆ ಕೂಲಿಯವಳು ಕೊಡುವ ಜಿಎಸ್‌ಟಿ ಇವರ ಲೆಕ್ಕದಲ್ಲಿಲ್ಲ. ಮನೆಯೊಡತಿಗೆ ರಾಜ್ಯ ಸರ್ಕಾರ ತಿಂಗಳಿಗೆ 2,000 ರೂಪಾಯಿ ಕೊಡುವ ಗೃಹಲಕ್ಷ್ಮಿಯ ನಿಯಮವನ್ನಾದರೂ ಓದಿದ್ದಾರೆಯೇ? ಮನೆಯೊಡತಿಯಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟಿದರೆ, ಜಿಎಸ್‌ಟಿ ರಿಟರ್ನ್ ಸಲ್ಲಿಸಿದರೆ, ಆ 2,000 ರೂಪಾಯಿ ಇಲ್ಲ. ಕಿರಾಣಿ ಅಂಗಡಿಯವನ ವರ್ಷದ ವಹಿವಾಟು 40 ಲಕ್ಷ ದಾಟಿತು ಅನ್ನಿ, ಜಿಎಸ್‌ಟಿ ನೋಂದಣಿ ಕಡ್ಡಾಯ. ನೂರಕ್ಕೆ ಐದು ಉಳಿದರೆ ಕೈಗೆ ಹತ್ತುವುದು ಎರಡು ಲಕ್ಷ. 12 ಲಕ್ಷದ ಸಂಬಳದವನು ಒಂದು ಪೈಸೆ ಕಟ್ಟಬೇಕಿಲ್ಲ. ಎರಡು ಲಕ್ಷದ ಇವನ ಹೆಂಡತಿ ಮಾತ್ರ ಉಳ್ಳವರ ಸಾಲಿಗೆ ಸೇರಿದಳು. ವಹಿವಾಟನ್ನೇ ಆದಾಯ ಎಂದು ಹಿಡಿದ ಈ ನಿಯಮ ಯಾವ ಅಂಕಣದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಬೆಂಗಳೂರಿನ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿಗಳು ಕಂಡವು. ಜಿಎಸ್‌ಟಿ ಕೇಂದ್ರದ್ದು ಎಂದಿತು ರಾಜ್ಯ. ನೋಟಿಸ್ ಕೊಟ್ಟದ್ದು ರಾಜ್ಯದ ಇಲಾಖೆ ಎಂದರು ಕೇಂದ್ರದ ಮಂತ್ರಿ. ಕೊನೆಗೆ ಮುಖ್ಯಮಂತ್ರಿ ಹಳೆ ಬಾಕಿ ಬಿಟ್ಟು, ನೋಂದಣಿ ಮಾಡಿಸಿಕೊಳ್ಳಿ ಎಂದರು. ನೋಂದಣಿ ಮಾಡಿಸಿಕೊಂಡವನ ಮನೆಗೆ ಗೃಹಲಕ್ಷ್ಮಿ ಬರುತ್ತದೆಯೇ ಎಂಬ ಪ್ರಶ್ನೆ ಆ ಸಂಧಾನದ ಸುದ್ದಿಗಳಲ್ಲಿ ನನಗೆ ಸಿಗಲಿಲ್ಲ.