ಯಾವುದು ನಮ್ಮ ಊರು? – ಒಂದು ಚಿತ್ರಪುಸ್ತಕದ ನೆಪದಲ್ಲಿ

ಮಕ್ಕಳ ಪುಸ್ತಕವೂ ವಿಮರ್ಶೆಗೆ ತಕ್ಕ ವಿಷಯವೆಂದು ನಾವು ಎಣಿಸುವುದು ಕಡಿಮೆ. ಪ್ರಶಸ್ತಿ ಬಂದಾಗ ನಾಲ್ಕು ಸಾಲು, ಬರೆದವರು ತೀರಿಕೊಂಡಾಗ ನಾಲ್ಕು ಸಾಲು, ಅಲ್ಲಿಗೆ ಮುಗಿಯಿತು. ಜತ್ತ ತಾಲೂಕಿನ ಕನ್ನಡ ಪ್ರಾಥಮಿಕ ಶಾಲೆಯೊಂದರಲ್ಲಿ ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ನಾನೂ ಇದಕ್ಕೆ ಹೊರತಲ್ಲ. ನಿವೃತ್ತನಾಗಿ ಮಿರಜಿನಲ್ಲಿ ಮಗನ ಮನೆ ಸೇರಿದ ಮೇಲೆ, ಮೂವತ್ತೆರಡು ಪುಟಗಳ ಒಂದು ಇಂಗ್ಲಿಷ್ ಚಿತ್ರಪುಸ್ತಕ ನನ್ನನ್ನು ಇಷ್ಟು ಕಾಡೀತೆಂದು ನಾನು ಅಂದುಕೊಂಡಿರಲಿಲ್ಲ. ಆ ಕಾಟದ ಕಾರಣವನ್ನು ಕಾಸರಗೋಡಿನ ಕಡೆಯ ಓದುಗರೊಂದಿಗೆ ಹಂಚಿಕೊಂಡರೆ ಅವರಿಗೆ ಅದು ಬೇಗ ತಿಳಿದೀತೆಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಪುಸ್ತಕದ ಹೆಸರು 'ಗೋಯಿಂಗ್ ಹೋಮ್'. ಬರೆದವರು ಈವ್ ಬಂಟಿಂಗ್, ಚಿತ್ರ ಬರೆದವರು ಡೇವಿಡ್ ಡಿಯಾಜ್. ಅಮೆರಿಕದಲ್ಲಿ 1996ರಲ್ಲಿ ಪ್ರಕಟವಾಯಿತು. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಂಗಿಯ ಮಗಳು ಒಮ್ಮೆ ಊರಿಗೆ ಬಂದಾಗ, ತನ್ನ ಮಕ್ಕಳು ಓದಿ ಬಿಟ್ಟ ಈ ಪ್ರತಿಯನ್ನು ನನ್ನ ಮೊಮ್ಮಗನಿಗೆ ಕೊಟ್ಟು ಹೋದಳು.

ಕಥೆ ಸರಳವಾದದ್ದು. ಕಾರ್ಲೋಸ್ ಎಂಬ ಹುಡುಗ, ಅವನ ಇಬ್ಬರು ತಂಗಿ-ಅಕ್ಕಂದಿರು, ತಂದೆ, ತಾಯಿ, ಎಲ್ಲರೂ ಕ್ರಿಸ್‌ಮಸ್ ಹಬ್ಬಕ್ಕೆಂದು ಹಳೆಯ ಕಾರಿನಲ್ಲಿ ಸಾಮಾನು ತುಂಬಿಕೊಂಡು ಮೆಕ್ಸಿಕೋದ ಲಾ ಪೆರ್ಲಾ ಎಂಬ ಹಳ್ಳಿಗೆ ಹೊರಡುತ್ತಾರೆ. ತಂದೆತಾಯಿ ಅಮೆರಿಕದ ಹೊಲಗಳಲ್ಲಿ ದುಡಿಯುವ ಕೂಲಿಗಳು. ಅವರು 'ಮನೆಗೆ ಹೋಗುತ್ತಿದ್ದೇವೆ' ಎನ್ನುತ್ತಾರೆ. ಮಕ್ಕಳಿಗೆ ಇದು ಅರ್ಥವಾಗುವುದಿಲ್ಲ. ಹುಟ್ಟಿದ್ದು ಮೆಕ್ಸಿಕೋದಲ್ಲಾದರೂ ಅವರ ನೆನಪಿನಲ್ಲಿ ಆ ಊರಿಲ್ಲ. ಶಾಲೆ, ಗೆಳೆಯರು, ಹಾಸಿಗೆ ಎಲ್ಲವೂ ಹಿಂದೆ ಉಳಿದಿದೆ. ಗಡಿ ದಾಟುವಾಗ ಹುಡುಗನಿಗೆ ಒಂದೇ ಆತಂಕ: ನಮ್ಮನ್ನು ಮರಳಿ ಒಳಗೆ ಬಿಡುತ್ತಾರೆಯೇ? ನಮ್ಮ ಹತ್ತಿರ ಕಾಗದಪತ್ರ ಸರಿಯಾಗಿವೆ ಎಂದು ತಂದೆ ಧೈರ್ಯ ಹೇಳುತ್ತಾನೆ. ಇಷ್ಟು ಚೆಂದದ ಊರನ್ನು ಬಿಟ್ಟು ಬಂದದ್ದೇಕೆ ಎಂದು ಕೇಳಿದರೆ ಅವರ ಉತ್ತರ ಒಂದೇ ಮಾತಿನದು: ಅವಕಾಶಗಳಿಗಾಗಿ.

ಕೊನೆಗೆ ಹಳ್ಳಿ ಬರುತ್ತದೆ, ಅಜ್ಜನ ಮನೆ ಬರುತ್ತದೆ, ಬಂಧುಬಳಗ ಮುತ್ತಿಕೊಳ್ಳುತ್ತದೆ. ರಾತ್ರಿ ಮಕ್ಕಳು ಕಾರಿನಲ್ಲಿ ಮಲಗಿರುವಾಗ ತಂದೆತಾಯಿ ಬರಿಗಾಲಲ್ಲಿ ಬೀದಿಗೆ ಬಂದು ಕುಣಿಯುವುದನ್ನು ಕಾರ್ಲೋಸ್ ನೋಡುತ್ತಾನೆ. ತಾಯಿಯ ನೋಯುವ ಭುಜ, ತಂದೆಯ ಸೋತ ಮೊಣಕಾಲು, ಎರಡೂ ಅವರಿಗೆ ಆ ಗಳಿಗೆಯಲ್ಲಿ ನೆನಪಿಲ್ಲ. ಇವರಿಬ್ಬರೂ ಒಂದು ಕಾಲಕ್ಕೆ ಇದೇ ಬೀದಿಯಲ್ಲಿ ಪ್ರಾಯದವರಾಗಿದ್ದರು, ತಮ್ಮದೆಂಬ ಒಂದು ಲೋಕ ಅವರಿಗಿತ್ತು, ಅದನ್ನು ತಮಗಾಗಿ ಬಿಟ್ಟು ಬಂದರು ಎಂಬುದು ಹುಡುಗನಿಗೆ ಆಗ ಹೊಳೆಯುತ್ತದೆ.

ಈ ಕುಣಿತದ ಪುಟವೇ ಕೃತಿಯ ಜೀವ. ಬಂಟಿಂಗ್ ಅವರು ತ್ಯಾಗ ಎಂಬ ಮಾತನ್ನು ಹುಡುಗನ ಬಾಯಲ್ಲಿ ಹಾಕಿ ಉಪದೇಶ ಮಾಡಿಸಬಹುದಿತ್ತು, ಹಾಗೆ ಮಾಡಿಲ್ಲ. ದುಡಿದು ಬೇನೆ ಹಿಡಿದ ಎರಡು ದೇಹಗಳು ಕುಣಿಯುವುದನ್ನು ತೋರಿಸಿ ಸುಮ್ಮನಾಗುತ್ತಾರೆ. ಪಂಜೆ ಮಂಗೇಶರಾಯರ ಮಕ್ಕಳ ಬರವಣಿಗೆಯ ಮೇಲೆ ಬೆಳೆದ ನಮಗೆ ಈ ಸಂಯಮದ ಬೆಲೆ ಗೊತ್ತು. ಮಗುವಿಗೆ ನೋಡಲು ಕೊಡಬೇಕು. ನೋಡಿದ್ದರ ತಾತ್ಪರ್ಯವನ್ನು ಅದರ ಕೈಯಿಂದ ಕಸಿದುಕೊಳ್ಳಬಾರದು.

ಚಿತ್ರಗಳ ಬಗ್ಗೆಯೂ ಒಂದು ಮಾತು. ಡಿಯಾಜ್ ದಪ್ಪ ಕಪ್ಪುಗೆರೆಗಳ ನಡುವೆ ಗಾಢವಾದ ಬಣ್ಣ ತುಂಬುತ್ತಾರೆ. ಪುಟದ ಹಿನ್ನೆಲೆಯಲ್ಲಿ ಮೆಕ್ಸಿಕೋದ ಜಾನಪದ ಕುಶಲವಸ್ತುಗಳ ಛಾಯಾಚಿತ್ರಗಳನ್ನು ಜೋಡಿಸಿದ್ದಾರೆ. ಜಾತ್ರೆಯ ಅಂಗಡಿಯ ಮುಂದೆ ನಿಂತ ಹಾಗೆ ಕಣ್ಣು ತುಂಬುತ್ತದೆ. ಇದೇ ಜೋಡಿ 1992ರ ಲಾಸ್ ಏಂಜಲೀಸ್ ಗಲಭೆಯನ್ನು ಕುರಿತು ಮಾಡಿದ 'ಸ್ಮೋಕಿ ನೈಟ್' ಪುಸ್ತಕಕ್ಕಾಗಿ ಡಿಯಾಜ್ ಅವರಿಗೆ 1995ರಲ್ಲಿ ಕಾಲ್ಡೆಕಾಟ್ ಪದಕ ಬಂದಿತ್ತು. ಆದರೂ ನನ್ನದೊಂದು ಆಕ್ಷೇಪವಿದೆ. ಹಿನ್ನೆಲೆಯ ಸೊಗಸು ಎಷ್ಟೋ ಕಡೆ ಮುಂದಿರುವ ಬಡತನವನ್ನು ಮರೆಸಿಬಿಡುತ್ತದೆ. ಹೊಲದ ದುಡಿಮೆಯ ಧೂಳು ಹಬ್ಬದ ಬಣ್ಣದಲ್ಲಿ ತೊಳೆದುಹೋಗಿದೆ.

ಲೇಖಕಿ ಈ ನೋವನ್ನು ಹೊರಗಿನಿಂದ ಕಂಡವರಲ್ಲ. 1928ರಲ್ಲಿ ಉತ್ತರ ಐರ್ಲೆಂಡಿನ ಮಘೆರಾ ಎಂಬ ಊರಿನಲ್ಲಿ ಹುಟ್ಟಿ, 1958ರಲ್ಲಿ ಗಂಡ ಮತ್ತು ಮೂವರು ಮಕ್ಕಳೊಡನೆ ಅಮೆರಿಕಕ್ಕೆ ವಲಸೆ ಹೋದವರು. 2023ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಇನ್ನೂರೈವತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಬರೆದಿದ್ದರು. ಕಾರ್ಲೋಸನ ತಂದೆ ಕಾಗದಪತ್ರದ ಮಾತನ್ನು ಅಷ್ಟು ಒತ್ತಿ ಹೇಳುವುದಕ್ಕೂ ಹಿನ್ನೆಲೆಯಿದೆ. ಅಮೆರಿಕ ಸರಕಾರ 1986ರ ಕಾಯ್ದೆಯ ಮೂಲಕ ಸುಮಾರು 27 ಲಕ್ಷ ವಲಸಿಗರ ವಾಸವನ್ನು ಸಕ್ರಮಗೊಳಿಸಿತು. ಹೊಲಗೆಲಸದವರು ಅದರಲ್ಲಿ ದೊಡ್ಡ ಪಾಲು. 1994ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು, ದಾಖಲೆಯಿಲ್ಲದ ಮಕ್ಕಳಿಗೆ ಸರಕಾರಿ ಶಾಲೆಯ ಬಾಗಿಲು ಮುಚ್ಚುವ ಪ್ರಸ್ತಾವವನ್ನು ಗೆಲ್ಲಿಸಿದರು. ನ್ಯಾಯಾಲಯ ಅದನ್ನು ತಡೆಯಿತು. ಪುಸ್ತಕ ಬಂದದ್ದು ಇದಾದ ಎರಡು ವರ್ಷಕ್ಕೆ. 'ಅವಕಾಶ' ಎಂಬ ಪದದ ಹಿಂದೆ ಒಂದು ಶಾಲೆಯ ಬಾಗಿಲು ನಿಂತಿದೆ ಎಂಬುದನ್ನು ಮರೆಯದೆ ಈ ಕೃತಿಯನ್ನು ಓದಬೇಕು.

ಕ್ರಿಸ್‌ಮಸ್ ಎನ್ನುವುದೇ ಪ್ರಯಾಣದ ಕಥೆಯಲ್ಲವೇ? ಲೂಕನ ಸುವಾರ್ತೆಯ ಪ್ರಕಾರ ಜೋಸೆಫನು ತುಂಬು ಗರ್ಭಿಣಿ ಮರಿಯಳೊಂದಿಗೆ ನಜರೇತಿನಿಂದ ಬೆತ್ಲೆಹೇಮಿಗೆ ಹೊರಟದ್ದು ಖಾನೇಷುಮಾರಿಯಲ್ಲಿ ಹೆಸರು ಬರೆಸಲು. ಪ್ರತಿಯೊಬ್ಬನೂ ತನ್ನ ತನ್ನ ಮೂಲದೂರಿಗೆ ಹೋಗಿ ಬರೆಸಬೇಕೆಂದು ದೊರೆಯ ಆಜ್ಞೆ. ಹೋದ ಊರಿನಲ್ಲಿ ಇಳಿದುಕೊಳ್ಳಲು ಜಾಗವಿರಲಿಲ್ಲ. ಮಂಜೇಶ್ವರದ ಗೋವಿಂದ ಪೈಗಳು 'ಗೊಲ್ಗೊಥಾ' ಬರೆದು ಯೇಸುವಿನ ಕಡೆಯ ದಿನವನ್ನು ಕನ್ನಡದ್ದನ್ನಾಗಿ ಮಾಡಿಕೊಟ್ಟರು. ಈ ಮೊದಲ ಪ್ರಯಾಣವೂ ನಮಗೆ ದೂರದ್ದಲ್ಲ. ಖಾನೇಷುಮಾರಿಯವರು ಬಂದು 'ಮಾತೃಭಾಷೆ ಯಾವುದು?' ಎಂದು ಕೇಳುವಾಗ ಗಡಿಯ ಮನೆಗಳಲ್ಲಿ ಒಂದು ಗಳಿಗೆ ಮೌನ ಕವಿಯುವುದನ್ನು ಬಲ್ಲವರು ಬಲ್ಲರು.

ಇನ್ನು ಮಿರಜಿನ ಮಾತು. ಈ ಊರಿಗೆ ಕ್ರಿಸ್‌ಮಸ್ ಹೊಸತಲ್ಲ. ಕೆನಡಾದಿಂದ ಬಂದ ಮಿಷನರಿ ವೈದ್ಯ ವಿಲಿಯಂ ವಾನ್‌ಲೆಸ್ 1894ರಲ್ಲಿ ಇಲ್ಲಿ ಆಸ್ಪತ್ರೆ ತೆರೆದರು. ಡಿಸೆಂಬರಿನಲ್ಲಿ ಮಿರಜ ಜಂಕ್ಷನ್ನಿನ ಕಟ್ಟೆಯ ಮೇಲೆ ಕೂತರೆ ಕಾರ್ಲೋಸನ ಮನೆಯವರಂಥವರು ಕಣ್ಣಿಗೆ ಬೀಳುತ್ತಾರೆ. ಪುಣೆಯಿಂದ ಎರ್ನಾಕುಲಂಗೆ ಹೋಗುವ ಪೂರ್ಣಾ ಎಕ್ಸ್‌ಪ್ರೆಸ್ ಇಲ್ಲಿಂದ ಬೆಳಗಾವಿ, ಲೋಂಡಾ, ಮಡಗಾಂವ ದಾಟಿ ಕರಾವಳಿಗಿಳಿದು ನಿಮ್ಮ ಕಾಸರಗೋಡಿನ ಮೇಲಿಂದಲೇ ಹೋಗುತ್ತದೆ. ಹಬ್ಬದ ವಾರ ಅದರಲ್ಲಿ ಮಲಯಾಳಿ ನರ್ಸಮ್ಮಗಳು, ಅವರ ಮಕ್ಕಳು, ಹಗ್ಗ ಬಿಗಿದ ರಟ್ಟಿನ ಡಬ್ಬಿಗಳು. ತಾಯಿ ಮಲಯಾಳದಲ್ಲಿ ಕರೆದರೆ ಮಕ್ಕಳು ಮರಾಠಿಯಲ್ಲಿ ಉತ್ತರ ಕೊಡುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಇದೇ ತಿಂಗಳಲ್ಲಿ ಇನ್ನೊಂದು ವಲಸೆ ನಡೆದಿರುತ್ತದೆ. ಅದಕ್ಕೆ ರಿಜರ್ವೇಶನ್ ಬೇಕಿಲ್ಲ. ದೀಪಾವಳಿಯ ಹೊತ್ತಿಗೆ ವಿಜಯಪುರದ ಕಡೆಯಿಂದ, ಜತ್ತ ತಾಲೂಕಿನಿಂದ ಕಬ್ಬು ಕಡಿಯುವವರು ಸಾಂಗಲಿ, ಕೊಲ್ಹಾಪುರದ ಸಕ್ಕರೆ ಕಾರ್ಖಾನೆಗಳಿಗೆ ಟ್ರ್ಯಾಕ್ಟರಿನಲ್ಲಿ ಬಂದಿಳಿಯುತ್ತಾರೆ. ಮುಕಾದಮನಿಂದ ಮುಂಗಡ ಹಣ ಪಡೆದು ಬರುವ ಇವರಲ್ಲಿ ಗಂಡಹೆಂಡಿರ ಜೋಡಿಯನ್ನು 'ಒಂದು ಕೊಯ್ತಾ' ಎಂದು ಎಣಿಸುತ್ತಾರೆ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಮನುಷ್ಯರ ಹೆಸರನ್ನು ಅವರ ಕೈಯ ಹತಾರವೇ ನುಂಗಿರುವ ಈ ಲೆಕ್ಕದಲ್ಲಿ ಮಕ್ಕಳು ಸೇರುವುದಿಲ್ಲ. ಮಿರಜಿನ ಹೊರಗೆ ರಸ್ತೆ ಬದಿಯ ಜೋಪಡಿಯ ಮುಂದೆ ತಮ್ಮನನ್ನು ಬಗಲಲ್ಲಿಟ್ಟುಕೊಂಡು ನಿಂತಿದ್ದ ಹುಡುಗಿಯೊಬ್ಬಳನ್ನು ಒಮ್ಮೆ ಮಾತಾಡಿಸಿದೆ. ಕನ್ನಡ ಕೇಳಿ ಅವಳ ಮುಖ ಅರಳಿತು. "ಊರಿಗೆ ಯಾವಾಗವ್ವಾ?" ಎಂದೆ. "ಯುಗಾದಿಗೆ ಹೋಗ್ತೀವ್ರೀ ಅಜ್ಜಾರ, ಕಾರ್ಖಾನಿ ಬಂದಾದ ಮ್ಯಾಲ" ಎಂದಳು. ಶಾಲೆ ಕೇಳಿದೆ. "ಅಲ್ಲಿ ಹೆಸರೈತ್ರೀ" ಎಂದಳು.

ಬಂಟಿಂಗ್ ಅವರ ಪುಸ್ತಕ ನನಗೆ ತೃಪ್ತಿ ಕೊಡದೆ ಹೋದದ್ದು ಈ ಮಾತಿನಿಂದ. ಅಲ್ಲಿ ತಂದೆತಾಯಿಯ ದುಡಿಮೆಗೂ ಮಕ್ಕಳ ಅವಕಾಶಕ್ಕೂ ಲೆಕ್ಕ ಸರಿಹೊಂದಿದೆ. ಒಬ್ಬರು ಕೊಟ್ಟರು, ಇನ್ನೊಬ್ಬರಿಗೆ ಸಿಕ್ಕಿತು. ಮಕ್ಕಳು ಒಂದು ದಡ ಮುಟ್ಟಿದ ಮೇಲೆ ಹಿರಿಯರು ಹಳ್ಳಿಗೆ ಮರಳಿಯಾರೆಂಬ ಆಸೆಯೂ ಇದೆ. ನಮ್ಮ ಕಬ್ಬಿನ ಗದ್ದೆಯಲ್ಲಿ ತಂದೆತಾಯಿ ಕೊಟ್ಟದ್ದೇನೋ ನಿಜ; ಆ ಹುಡುಗಿಗೆ ಸಿಕ್ಕಿದ್ದು ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಮಾತ್ರ.

ಎರಡನೆಯ ಕೊರತೆ ಭಾಷೆಯದು. ಕಥೆಯ ಇಂಗ್ಲಿಷಿನ ನಡುವೆ ಅಲ್ಲಲ್ಲಿ ಸ್ಪ್ಯಾನಿಷ್ ಮಾತುಗಳು ಒಗ್ಗರಣೆಯ ಹಾಗೆ ಬೀಳುತ್ತವೆ. ತಾಯಿಯ ಭಾಷೆ ಮಕ್ಕಳ ಬಾಯಲ್ಲಿ ಮುಂದೆ ಏನಾದೀತು ಎಂಬ ಪ್ರಶ್ನೆಯ ಹತ್ತಿರ ಪುಸ್ತಕ ಹೋಗುವುದಿಲ್ಲ. ಅವಕಾಶಕ್ಕೆ ಕೊಟ್ಟ ಬೆಲೆಯಲ್ಲಿ ಭುಜದ ನೋವು ಎಣಿಕೆಗೆ ಬಂತು, ಮೊಣಕಾಲು ಬಂತು, ಭಾಷೆ ಬರಲಿಲ್ಲ.

ಇದನ್ನು ಬರೆಯುವಾಗ ನನ್ನ ಕೈ ನಡುಗಬೇಕು. ಮಹಾರಾಷ್ಟ್ರದ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕಿಸುತ್ತದೆ. ಅವನ್ನು ಹಿಡಿದು ಮೂವತ್ತು ವರ್ಷ ಊರಿನವರ ಮಕ್ಕಳಿಗೆ ಅಕ್ಷರ ತಿದ್ದಿಸಿದವನು ನಾನು. ನನ್ನ ಮಗನನ್ನು ಮಾತ್ರ ಮರಾಠಿ ಶಾಲೆಗೆ ಹಾಕಿದೆ. ನೌಕರಿ ಸಿಗಲಿ ಎಂದು. ಅಂದರೆ ಅವಕಾಶಕ್ಕಾಗಿ. ಅವನಿಗೆ ನೌಕರಿ ಸಿಕ್ಕಿತು, ಮಿರಜಿನಲ್ಲಿ ಮನೆಯಾಯಿತು. ಮೊಮ್ಮಗ ಈಗ ಇಂಗ್ಲಿಷ್ ಶಾಲೆಯಲ್ಲಿದ್ದಾನೆ. ಈ ಪುಸ್ತಕವನ್ನು ಮೊದಲ ಸಲ ಓದಿ ಮುಗಿಸಿದ ರಾತ್ರಿ ಅವನು ನನ್ನನ್ನು "ಅಜ್ಜಾ, ಆಪಲಂ ಗಾವ ಕೋಣತಂ?" ಎಂದು ಕೇಳಿದ. ನಮ್ಮ ಊರು ಯಾವುದು ಎಂಬ ಪ್ರಶ್ನೆಯನ್ನು ಅವನು ಮರಾಠಿಯಲ್ಲಿ ಕೇಳಿದ್ದರಲ್ಲೇ ಅರ್ಧ ಉತ್ತರವಿತ್ತು. ಮಗನ ಹತ್ತಿರ ಈ ಮಾತು ತೆಗೆದೆ. "ಅಪ್ಪಾ, ಆಗ ನೀವ ಹಾಕಿದ್ರಿ, ಈಗ ನಾ ಹಾಕೀನಿ. ಇದರಾಗ ತಪ್ಪು ಯಾರದು?" ಎಂದ. ಅವನು ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಆ ಮಾತು ಇನ್ನೂ ಚುಚ್ಚುತ್ತಿದೆ.

ಕಾಸರಗೋಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀವೂ ನಾವೂ ಕಾರ್ಲೋಸನ ಹಾಗೆ ಊರು ಬಿಟ್ಟವರಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮುಂಬಯಿ ರಾಜ್ಯದಲ್ಲಿ ಉಳಿದ ಜತ್ತ 1960ರ ಮೇ 1ರಂದು ಮಹಾರಾಷ್ಟ್ರದ್ದಾಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನೂ ಜತ್ತ ತಾಲೂಕಿನ ಹಲವು ಹಳ್ಳಿಗಳನ್ನೂ ಕನ್ನಡ ನಾಡಿಗೆ ಸೇರಿಸಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತಾದರೂ ಅದು ಕಾಗದದಲ್ಲೇ ಉಳಿಯಿತು. ಲಾ ಪೆರ್ಲಾಕ್ಕೆ ಹೋಗಲು ಕಾರ್ಲೋಸನಿಗೆ ಒಂದು ದಾರಿಯಾದರೂ ಇದೆ. ಮನೆಯಲ್ಲೇ ಕೂತ ನಮ್ಮ ಮಕ್ಕಳಿಗೆ ನಮ್ಮ ಊರಿಗೆ ಬರುವ ದಾರಿ ಯಾವುದು? ಭಾಷೆಯ ಹೊರತು ಬೇರೆ ದಾರಿ ನನಗೆ ಕಾಣುವುದಿಲ್ಲ.

ಹಾಗೆಂದು ಮರಾಠಿಯನ್ನಾಗಲಿ ಮಲಯಾಳವನ್ನಾಗಲಿ ದೂರಿ ಫಲವಿಲ್ಲ. ಆ ಭಾಷೆಗಳಲ್ಲಿ ನಮ್ಮ ಅನ್ನವಿದೆ, ನೆರೆಹೊರೆಯಿದೆ, ಎಷ್ಟೋ ಮನೆಗಳಲ್ಲಿ ಸೊಸೆಯಂದಿರಿದ್ದಾರೆ. ಎರಡು ಲಿಪಿಗಳು ಜಗಳವಿಲ್ಲದೆ ಅಕ್ಕಪಕ್ಕ ಕೂರುವ ಈ ವಾರ್ಷಿಕವನ್ನು ನೋಡಿದಾಗ ನನಗೆ ಒಂದು ಆಸೆ ಮೂಡುತ್ತದೆ. ಕಬ್ಬಿನ ಜೋಪಡಿಯ ಆ ಹುಡುಗಿಯ ಯುಗಾದಿ ಪ್ರಯಾಣವನ್ನು ಕುರಿತು ಒಂದು ಚಿತ್ರಪುಸ್ತಕ ಬರಬೇಕು: ಒಂದು ಪುಟ ಕನ್ನಡ, ಎದುರು ಪುಟ ಮರಾಠಿ. ನಿಮ್ಮಲ್ಲಿ ಕನ್ನಡ, ಮಲಯಾಳ. ಅಂಥದೊಂದು ಪುಸ್ತಕ ನನ್ನ ಕಣ್ಣಿಗೆ ಈವರೆಗೆ ಬಿದ್ದಿಲ್ಲ. ಬರೆಯಬಲ್ಲವರು, ಚಿತ್ರ ತೆಗೆಯಬಲ್ಲವರು ಇದನ್ನು ಓದುವವರಲ್ಲೇ ಇರಬಹುದು.

ಅಲ್ಲಿಯವರೆಗೆ ನನ್ನ ಪಾಲಿನ ಕೆಲಸವನ್ನು ನಾನು ಮಾಡುತ್ತಿದ್ದೇನೆ. ರಾತ್ರಿ ಊಟದ ನಂತರ ಇದೇ ಇಂಗ್ಲಿಷ್ ಪುಸ್ತಕವನ್ನು ತೆರೆದಿಟ್ಟುಕೊಂಡು ಜತ್ತದ ಕನ್ನಡದಲ್ಲಿ ಕಥೆ ಹೇಳುತ್ತೇನೆ. ಕುಣಿತದ ಪುಟಕ್ಕೆ ಬಂದಾಗ ಮೊಮ್ಮಗ, "ನೀನೂ ಕುಣೀತಿದ್ದೇನು?" ಎಂದು ಒಂದು ದಿನ ಕೇಳಿದ, ಕನ್ನಡದಲ್ಲೇ ಕೇಳಿದ. ಭಾರತ ಹುಣ್ಣಿಮೆಯ ಚಿಂಚಲಿ ಮಾಯಕ್ಕನ ಜಾತ್ರೆಗೆ ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದದ್ದು, ರಾತ್ರಿ ಡೊಳ್ಳಿನ ಸದ್ದಿಗೆ ನಾನು ಅವನ ಅಜ್ಜಿಯ ಕಣ್ಣೆದುರು ಕುಣಿದದ್ದು, ಎಲ್ಲವನ್ನೂ ಹೇಳಿದೆ. "ಮುಂದ?" ಎಂದ. ಮುಂದಿನದು ಪುಸ್ತಕದಲ್ಲಿರಲಿಲ್ಲ. ಪುಸ್ತಕ ಮುಚ್ಚಿ ಹೇಳುತ್ತಾ ಹೋದೆ.